ಹೂವಿನ ಸಸಿಗಳೂ ಬೂಷ್ಟುನಾಶಕ ಔಷಧಗಳೂ: ಪಾತಿಯ ಮಣ್ಣಿನ ಗುಣದಿಂದ ಉಂಟಾಗುವ ಭೇದಗಳು

ಚೆಂಡುಹೂ, ಆಸ್ಟರ್, ಜಿನಿಯಾ, ಪೆಟೂನಿಯಾ, ಸಾಲ್ವಿಯಾ ಮೊದಲಾದ ಹೂಗಿಡಗಳನ್ನು ಹಿಂದೆ ಮನೆಯ ಅಂಗಳದಲ್ಲಿಯೂ ದೇವಾಲಯದ ತೋಟದಲ್ಲಿಯೂ ಅಲ್ಪ ಪ್ರಮಾಣದಲ್ಲಿ ಬೆಳೆಯುತ್ತಿದ್ದರು. ಈಗಲಾದರೋ ಇವುಗಳಲ್ಲಿ ಕೆಲವು ಹೊಲದ ಬೆಳೆಗಳೇ ಆಗಿವೆ. ಚೆಂಡುಹೂವೂ ಆಸ್ಟರೂ ಅನೇಕ ಗ್ರಾಮಗಳಲ್ಲಿ ಒಕ್ಕಲಿನ ಕೈಗೆ ರೊಕ್ಕ ತರುವ ಮುಖ್ಯ ಪೈರುಗಳಾಗಿ ನಿಂತಿವೆ. ಮಹಾನವಮಿಗೂ ದೀಪಾವಳಿಗೂ ಹೂವು ಕೈಗೆ ಬರಬೇಕಾದರೆ ಮುಂಗಾರಿನಲ್ಲಿಯೇ ಒಟ್ಲು ಹಾಕಿ, ಸುಮಾರು ನಾಲ್ಕು ವಾರಗಳಲ್ಲಿ ಸಸಿಗಳನ್ನು ನಾಟಿಗೆ ಸಿದ್ಧಗೊಳಿಸಬೇಕು. ಈ ನಾಲ್ಕು ವಾರಗಳಲ್ಲಿ ಸಸಿ ಕೆಟ್ಟಿತೆಂದರೆ ಪುನಃ ಬಿತ್ತಿ ಬೆಳೆಯಿಸುವಷ್ಟರಲ್ಲಿ ಹಬ್ಬವು ಕಳೆದುಹೋಗುತ್ತದೆ. ಹಬ್ಬ ಕಳೆದ ಮೇಲೆ ಬಂದ ಹೂವಿಗೆ ಕೊಯ್ಲಿನ ಕೂಲಿಯೂ ಹುಟ್ಟುವುದು ಕಷ್ಟ. ಆದುದರಿಂದ ಒಟ್ಲಿನ ರಕ್ಷಣೆಯೇ ಇಡೀ ಬೆಳೆಯ ರಕ್ಷಣೆಯೆಂದು ತಿಳಿಯತಕ್ಕದ್ದು.

ಸಸಿಗಳನ್ನು ರೋಗದಿಂದ ಕಾಪಾಡಲು ಬೂಷ್ಟುನಾಶಕ ಔಷಧಗಳನ್ನು ಪಾತಿಗೆ ಹೊಯ್ಯುವ ಪದ್ಧತಿಯು ಸರ್ವತ್ರ ಬಳಕೆಗೆ ಬಂದಿದೆ. ಆದರೆ ಕೆಲವು ಕಡೆ ರೋಗವು ನಿಂತರೂ ಸಸಿಗಳು ಔಷಧದಿಂದಲೇ ಕುಗ್ಗಿ, ಎಲೆಯಂಚು ಸುಟ್ಟು, ಬೇರು ಕಂದಿ ನಿಷ್ಪ್ರಯೋಜಕವಾಗುವುದುಂಟು. ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಹೊಯ್ದಾಗ ಒಬ್ಬರ ಒಟ್ಲು ಹಸನಾಗಿ ಬೆಳೆದು ಪಕ್ಕದವರ ಒಟ್ಲು ಸೊರಗುವುದನ್ನು ಕಂಡು ರೈತರು ಔಷಧ ಕಲಬೆರಕೆಯೆಂದೋ ಬೀಜ ಕೆಟ್ಟದ್ದೆಂದೋ ಭಾವಿಸುವರು. ಇಂತಹ ಭೇದಕ್ಕೆ ಅನೇಕ ವೇಳೆ ಕಾರಣವಾಗಿರುವುದು ಸಸಿಯು ಬೇರುಬಿಟ್ಟಿರುವ ಮಣ್ಣು ಅಥವಾ ಮಿಶ್ರಣ. ಈ ವಿಷಯವನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಒಟ್ಲಿನ ಸಸಿಗಳಿಗೆ ತಗಲುವ ಬುಡಕೊಳೆ ರೋಗಕ್ಕೆ ಪಿಥಿಯಂ, ಫೈಟಾಫ್ತೊರಾ, ರೈಜಾಕ್ಟೋನಿಯಾ ಎಂಬ ಹೆಸರಿನ, ಬರಿಗಣ್ಣಿಗೆ ಸುಲಭವಾಗಿ ಕಾಣದ ಬೂಷ್ಟುಗಳು ಮುಖ್ಯ ಕಾರಣಗಳು. ಇವು ಮಣ್ಣಿನಲ್ಲಿಯೇ ವಾಸವಾಗಿರತಕ್ಕವು. ಇವುಗಳಲ್ಲಿ ಮೊದಲಿನ ಎರಡು ಜಾತಿಗಳಿಗೆ ನೀರು ನಿಂತ ಒದ್ದೆ ಪಾತಿಯು ಬಹಳ ಹಿತಕರ. ಬೀಜವನ್ನು ಒತ್ತಾಗಿ ಬಿತ್ತಿ, ಸಂಜೆಯ ಹೊತ್ತು ಹೆಚ್ಚು ನೀರು ಕೊಟ್ಟು, ಗಾಳಿಯಾಡದಂತೆ ಮುಚ್ಚಿಟ್ಟ ಕಡೆಗಳಲ್ಲಿ ರೋಗವು ಶೀಘ್ರವಾಗಿ ಹಬ್ಬುತ್ತದೆ. ನೆಲಮಟ್ಟದಲ್ಲಿ ಕಾಂಡವು ನೀರು ತುಂಬಿದಂತಾಗಿ, ಬಳಿಕ ನೂಲಿನಂತೆ ಸಣ್ಣಗಾಗಿ, ಸಸಿಯು ಮಗುಚಿ ಬೀಳುತ್ತದೆ. ಇಂದು ಅಂಗೈಯಗಲ ಕಂಡ ರೋಗವು ಮೂರು ನಾಲ್ಕು ದಿನಗಳಲ್ಲಿ ಮೊರದಗಲವಾಗುವುದು ಅಪರೂಪವಲ್ಲ.

ಔಷಧಗಳ ಪೂರ್ವವೃತ್ತಾಂತ

ಬೂಷ್ಟುನಾಶಕಗಳಲ್ಲಿ ಬಹುಕಾಲದಿಂದ ಪ್ರಸಿದ್ಧವಾದುದು ಮೈಲುತುತ್ತ ಮತ್ತು ಸುಣ್ಣದಿಂದಾದ ಬೋರ್ಡೋ ದ್ರಾವಣ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಯ ಬದಿಯ ದ್ರಾಕ್ಷಿಯನ್ನು ಹೋಕರು ಕೀಳದಿರಲೆಂದು ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳನ್ನು ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಷ್ಟುರೋಗ ತಗಲದಿದ್ದುದನ್ನು ಮಿಯಾರ್ಡೆ ಎಂಬ ವಿದ್ವಾಂಸರು ಗಮನಿಸಿ, ೧೮೮೫ರಲ್ಲಿ ಈ ದ್ರಾವಣದ ಉಪಯೋಗವನ್ನು ಪ್ರಕಟಿಸಿದರು. ಮೈಸೂರು ಸೀಮೆಗೆ ೧೯೦೮ರಲ್ಲಿ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ವಿಚಾರಿಸಿ, ಇದೇ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಅಡಕೆ ತೋಟಗಳಲ್ಲಿ ಇಂದಿಗೂ ಈ ಔಷಧ ಹೊಡೆಯುವ ಕೆಲಸ ನಡೆದುಬರುತ್ತಿದೆ.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ಗ್ರಹಿಸಬೇಕು. ಗೊನೆಗೆ ಅಥವಾ ಎಲೆಗೆ ಸಿಂಪಡಿಸಿದ ಔಷಧವು ಮೇಲ್ಮೈಯಲ್ಲಿ ಅಂಟಿಕೊಂಡು ಹೊರಗಿನಿಂದ ಬಂದ ಬೂಷ್ಟನ್ನು ತಡೆಯುತ್ತದೆ. ಪಾತಿಗೆ ಹೊಯ್ದ ಔಷಧವಾದರೋ ಮಣ್ಣಿನೊಳಗೆ ಇಳಿದು, ಮೈ ಬಲಿಯದ ಎಳೆಯ ಬೇರುಗಳನ್ನು ಎಡೆಬಿಡದೆ ಸೋಕುತ್ತಿರುತ್ತದೆ. ಎಲೆಗೆ ಹಿತವಾದ ಪ್ರಮಾಣವು ಬೇರಿಗೂ ಹಿತವೆಂದು ಎಣಿಸಲಾಗದು. ಬೇರಿಗೆ ಎಷ್ಟು ಔಷಧ ತಗಲುವುದೆಂಬುದನ್ನು ಔಷಧದ ಡಬ್ಬಿಯ ಮೇಲಿನ ಚೀಟಿಯೊಂದೇ ನಿಶ್ಚಯಿಸುವುದಿಲ್ಲ. ಅರ್ಧಭಾಗ ನಿಶ್ಚಯಿಸುವುದು ಮಣ್ಣು.

ಮಣ್ಣು ಔಷಧವನ್ನು ಹಿಡಿದಿಡುವ ಬಗೆ

ಮಣ್ಣಿಗೆ ಹೊಯ್ದ ಔಷಧವೆಲ್ಲವೂ ನೀರಿನಲ್ಲಿ ಬಿಡಿಯಾಗಿ ಉಳಿಯುವುದಿಲ್ಲ. ಜೇಡಿಯ ಕಣಗಳಿಗೂ, ಕೊಳೆತು ಕಪ್ಪಾದ ಗೊಬ್ಬರದ ಅಂಶಕ್ಕೂ ಔಷಧವನ್ನು ತಮ್ಮ ಮೈಗೆ ಅಂಟಿಸಿಕೊಳ್ಳುವ ಶಕ್ತಿಯುಂಟು. ಹೀಗೆ ಅಂಟಿಕೊಂಡ ಭಾಗವು ಬೇರಿಗೂ ಬೂಷ್ಟಿಗೂ ಸುಲಭವಾಗಿ ಎಟುಕದು. ನೀರಿನಲ್ಲಿ ಬಿಡಿಯಾಗಿ ಉಳಿದ ಭಾಗವೇ ಕೆಲಸ ಮಾಡತಕ್ಕದ್ದು. ಮರಳಿನ ಕಣಗಳಿಗೆ ಈ ಶಕ್ತಿಯು ಅತ್ಯಲ್ಪ. ಆದುದರಿಂದ ಹೆಚ್ಚು ಮರಳು ಬೆರಸಿದ ಪಾತಿಯಲ್ಲಿ ಅದೇ ತೂಕದ ಔಷಧವು ಹೆಚ್ಚು ತೀಕ್ಷ್ಣವಾಗಿ ವರ್ತಿಸುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿದ ಗೋಡು ಮಣ್ಣಿನಲ್ಲಿ ಅದರ ತೀಕ್ಷ್ಣತೆಯು ತಗ್ಗುತ್ತದೆ.

ಇದರಿಂದ ಎರಡು ಫಲಗಳು ಹೊರಡುತ್ತವೆ. ಮೊದಲನೆಯದು, ಮರಳು ಪಾತಿಯಲ್ಲಿ ಔಷಧದ ಹಾನಿಯ ಭಯ ಹೆಚ್ಚು. ಎರಡನೆಯದು, ಗೊಬ್ಬರ ತುಂಬಿದ ಪಾತಿಯಲ್ಲಿ ಹಾನಿಯ ಭಯ ಕಡಿಮೆಯಾದರೂ ಔಷಧದ ಗುಣವೂ ಸ್ವಲ್ಪ ಕಡಿಮೆಯಾಗಬಹುದು. ಈ ಎರಡನೆಯ ಸಂಗತಿಯನ್ನು ಕಂಡ ರೈತನು “ಒಂದು ಸಲಕ್ಕೆ ಹಿಡಿಯಲಿಲ್ಲ” ಎಂದು ಎರಡು ಮೂರು ಸಲ ಔಷಧ ಹೊಯ್ಯುವುದುಂಟು. ಮರುವರ್ಷ ಅದೇ ಅಭ್ಯಾಸವನ್ನು ಮರಳು ಪಾತಿಯ ಮೇಲೆ ನಡೆಸಿದರೆ ಸಸಿಗಳು ಉಳಿಯುವುದು ಕಷ್ಟ.

ಮಣ್ಣಿನ ಜೀವಾಣುಗಳದೂ ಒಂದು ಪಾತ್ರವುಂಟು. ಜೀವಾಣುಗಳು ಅನೇಕ ಸಾವಯವ ಔಷಧಗಳನ್ನು ಕ್ರಮೇಣ ಒಡೆದು ನಿರ್ವಿಷಗೊಳಿಸುತ್ತವೆ. ಹಬೆಯಿಂದಲೋ ಬೆಂಕಿಯಿಂದಲೋ ಕಾಯಿಸಿದ ಮಣ್ಣಿನಲ್ಲಿ ಈ ಜೀವಾಣುಗಳು ಬಹಳ ಮಟ್ಟಿಗೆ ನಾಶವಾಗಿರುವುದರಿಂದ ಅಂತಹ ಔಷಧಗಳು ಹೆಚ್ಚು ದಿನ ಉಳಿಯಬಹುದು. ಆದರೆ ತಾಮ್ರವು ಲೋಹ. ಅದನ್ನು ಯಾವ ಜೀವಾಣುವೂ ಒಡೆಯಲಾರದು. ವರ್ಷವರ್ಷವೂ ಒಂದೇ ಸ್ಥಳದಲ್ಲಿ ಒಟ್ಲು ಹಾಕಿ ತಾಮ್ರದ ಔಷಧ ಹೊಯ್ಯುತ್ತಿದ್ದರೆ ಆ ತಾಮ್ರವು ಮೇಲ್ಮಣ್ಣಿನಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಹತ್ತು ವರ್ಷ ಹಸನಾಗಿದ್ದ ಒಟ್ಲು ಜಾಗವು ಹನ್ನೊಂದನೆಯ ವರ್ಷ “ಸೋತುಹೋಯಿತು” ಎನಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹುಳಿಮಣ್ಣು ಮತ್ತು ಸುಣ್ಣದ ಮಣ್ಣು

ತಾಮ್ರದ ಔಷಧಗಳ ವಿಷಯದಲ್ಲಿ ಮಣ್ಣಿನ ಹುಳಿತನವು ಬಹು ಮುಖ್ಯ. ಹುಳಿತನವನ್ನು ಪಿ. ಎಚ್. ಎಂಬ ಅಂಕದಿಂದ ಅಳೆಯುವರು. ಈ ಅಂಕವು ೭ ಇದ್ದರೆ ಮಣ್ಣು ಸಮಗುಣದ್ದು. ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಮೇಲೆ ಹೋದಷ್ಟೂ ಕ್ಷಾರ ಹೆಚ್ಚು. ಹುಳಿಮಣ್ಣಿನಲ್ಲಿ ತಾಮ್ರವು ಕರಗಿ ಬೇರಿಗೆ ಸುಲಭವಾಗಿ ಒದಗುತ್ತದೆ. ಸುಣ್ಣವಿರುವ ಮಣ್ಣಿನಲ್ಲಿ ಅದು ಕರಗದ ರೂಪವನ್ನು ತಾಳಿ ತಣ್ಣಗಿರುತ್ತದೆ. ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣುಗಳು ಹೆಚ್ಚು ಮಳೆಯಿಂದ ತೊಳೆದುಹೋಗಿ ಸಾಮಾನ್ಯವಾಗಿ ಹುಳಿಯಾಗಿರುತ್ತವೆ. ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣುಗಳು ಸಾಮಾನ್ಯವಾಗಿ ಕ್ಷಾರಗುಣದವು. ಅವುಗಳಲ್ಲಿ ಸುಣ್ಣದ ಹರಳುಗಳನ್ನು ಕಣ್ಣಾರೆ ಕಾಣಬಹುದು. ಆದುದರಿಂದ ಎರೆನಾಡಿನವರು ನಿರ್ಭಯದಿಂದ ಹೊಯ್ಯುವ ತಾಮ್ರದ ಔಷಧವು ಮಲೆನಾಡಿನ ಹುಳಿ ಪಾತಿಯಲ್ಲಿ ಬೇರನ್ನು ಸುಡಬಹುದು.

ತಾಮ್ರವು ಮಿತಿಮೀರಿದರೆ ಬೇರಿನ ತುದಿಗಳು ಬೆಳೆಯದೆ ಮೊಂಡಾಗಿ ಕಂದುಬಣ್ಣಕ್ಕೆ ತಿರುಗುತ್ತವೆ. ಬೇರು ಕಬ್ಬಿಣದ ಅಂಶವನ್ನು ಹೀರಲು ಅಡ್ಡಿಯಾಗುವುದರಿಂದ ಎಳೆಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ. ಇದನ್ನು ಗೊಬ್ಬರದ ಕೊರತೆಯೆಂದು ಭ್ರಮಿಸಿ ಯೂರಿಯಾ ಹಾಕಿದರೆ ಪ್ರಯೋಜನವಿಲ್ಲ.

ಬೋರ್ಡೋ ದ್ರಾವಣವನ್ನು ಮನೆಯಲ್ಲಿಯೇ ತಯಾರಿಸುವವರು ೧೦೦ ಲೀಟರು ನೀರಿಗೆ ೧ ಕಿಲೋಗ್ರಾಂ ಮೈಲುತುತ್ತವನ್ನೂ ೧ ಕಿಲೋಗ್ರಾಂ ಒಳ್ಳೆಯ ಸುಟ್ಟ ಸುಣ್ಣವನ್ನೂ ಬಳಸುವುದು ವಾಡಿಕೆ. ಸುಣ್ಣವು ಹಳತಾಗಿ ಸತ್ವಗುಂದಿದ್ದರೆ ತುತ್ತವು ಪೂರ್ತಿಯಾಗಿ ಶಮನವಾಗದೆ ಬಿಡಿಯಾಗಿ ಉಳಿಯುತ್ತದೆ. ಮಸೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರವು ಬಿಡಿಯಾಗಿದೆಯೆಂದು ತಿಳಿದು, ಲೇಪವು ಕಾಣದಂತಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸತಕ್ಕದ್ದು. ಈ ಪರೀಕ್ಷೆಯನ್ನು ಬಿಟ್ಟು ಎಳೆಯ ಸಸಿಗಳಿಗೆ ಇದನ್ನು ಮುಟ್ಟಿಸಬಾರದು.

ತೆಂಗಿನ ನಾರಿನ ಪುಡಿ ಮತ್ತು ಗುಳಿತಟ್ಟೆ

ಇಂಗ್ಲೆಂಡಿನ ಜಾನ್ ಇನ್ಸ್ ತೋಟಗಾರಿಕೆ ಸಂಸ್ಥೆಯವರು ೧೯೩೦ರ ದಶಕದಲ್ಲಿ ಮಣ್ಣು, ಪೀಟ್ ಎಂಬ ಜೌಗುನೆಲದ ಸಸ್ಯಾವಶೇಷ ಮತ್ತು ಮರಳನ್ನು ಗೊತ್ತಾದ ಪಾಲಿನಲ್ಲಿ ಬೆರಸುವ ಕ್ರಮವನ್ನು ಏರ್ಪಡಿಸಿದರು. ಅವರ ಬಿತ್ತನೆಯ ಮಿಶ್ರಣದಲ್ಲಿ ಮಣ್ಣು ೨ ಪಾಲು, ಪೀಟ್ ೧ ಪಾಲು, ಮರಳು ೧ ಪಾಲು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ೧೯೬೦ರ ದಶಕದಲ್ಲಿ ಮಣ್ಣೇ ಇಲ್ಲದ ಹಗುರ ಮಿಶ್ರಣಗಳು ರೂಢಿಗೆ ಬಂದವು. ನಮ್ಮ ದೇಶದಲ್ಲಿ ಪೀಟಿನ ಸ್ಥಾನವನ್ನು ತೆಂಗಿನ ನಾರಿನ ಪುಡಿಯು ಪಡೆದುಕೊಂಡಿದೆ. ಗುಳಿಗುಳಿಯಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ, ಅಂದರೆ ರೈತರು ಪ್ರೋಟ್ರೇ ಎಂದು ಕರೆಯುವ ತಟ್ಟೆಗಳಲ್ಲಿ, ಈ ಪುಡಿಯನ್ನು ತುಂಬಿ ಸಸಿ ಬೆಳೆಯಿಸುವ ನರ್ಸರಿಗಳು ಅನೇಕ ತಾಲ್ಲೂಕುಗಳಲ್ಲಿ ಎದ್ದಿವೆ.

ಈ ಪುಡಿಯು ನೀರನ್ನು ಚೆನ್ನಾಗಿ ಹಿಡಿದಿಡತಕ್ಕದ್ದಾಗಿಯೂ ಹಗುರವಾಗಿಯೂ ಇರುವುದು ಅನುಕೂಲವೇ. ಆದರೆ ತೊಳೆಯದ ಹಸಿ ಪುಡಿಯಲ್ಲಿ ಪೊಟ್ಯಾಷ್ ಮತ್ತು ಸೋಡಿಯಂ ಲವಣಗಳು ಹೆಚ್ಚಾಗಿರುತ್ತವೆ. ಉಪ್ಪುನೀರಿನಲ್ಲಿ ಕೊಳೆಹಾಕಿದ ನಾರಿನ ಪುಡಿಯಲ್ಲಿ ಇವು ಇನ್ನೂ ಹೆಚ್ಚು. ಲವಣದಿಂದ ಮೊದಲೇ ನೊಂದ ಬೇರಿಗೆ ಔಷಧವು ಎರಡನೆಯ ಪೆಟ್ಟಾಗುತ್ತದೆ. ಅದೇ ಔಷಧವು ತೊಳೆದು ಹದಗೊಳಿಸಿದ ಪುಡಿಯಲ್ಲಿ ಹಾನಿ ಮಾಡದಿದ್ದುದು ಹಸಿ ಪುಡಿಯಲ್ಲಿ ಸಸಿಯನ್ನು ಕೆಡಿಸಬಹುದು. ಆದುದರಿಂದ ಪುಡಿಯನ್ನು ಸಿಹಿನೀರಿನಿಂದ ಹಲವು ಬಾರಿ ತೊಳೆದು, ಕಳಿಸಿ ಉಪಯೋಗಿಸುವುದು ಯುಕ್ತ.

ಗುಳಿತಟ್ಟೆಯ ಇನ್ನೊಂದು ವಿಶೇಷವೆಂದರೆ ಬೇರಿಗೆ ದೊರೆಯುವ ಸ್ಥಳದ ಅಲ್ಪತೆ. ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಚದರ ಮೀಟರು ನೆಲದ ಪಾತಿಗೆ, ಲೀಟರಿಗೆ ೩ ಗ್ರಾಂ ಔಷಧ ಬೆರಸಿದ ೩ ಲೀಟರು ದ್ರಾವಣವನ್ನು ಹೊಯ್ದರೆ ಒಟ್ಟು ೯ ಗ್ರಾಂ ಔಷಧವಾಯಿತು. ಅದು ಮೇಲಿನ ೫ ಸೆಂಟಿಮೀಟರು ಮಣ್ಣಿನಲ್ಲಿ ಹರಡಿತೆಂದು ಇಟ್ಟುಕೊಂಡರೆ, ೫೦ ಲೀಟರು ಮಣ್ಣಿಗೆ ೯ ಗ್ರಾಂ, ಅಂದರೆ ಲೀಟರು ಮಣ್ಣಿಗೆ ೦.೧೮ ಗ್ರಾಂ ಬೀಳುತ್ತದೆ. ಇನ್ನು ೯೮ ಗುಳಿಗಳ ಒಂದು ತಟ್ಟೆಯಲ್ಲಿ ಗುಳಿಯೊಂದಕ್ಕೆ ೨೦ ಮಿಲಿಲೀಟರಿನಂತೆ ಸುಮಾರು ೨ ಲೀಟರು ಪುಡಿ ಹಿಡಿಯುವುದೆಂದು ಭಾವಿಸಿ, ಅದೇ ದ್ರಾವಣದಲ್ಲಿ ಅರ್ಧ ಲೀಟರು ಅದರೊಳಗೆ ನಿಂತರೆ, ೨ ಲೀಟರಿಗೆ ೧.೫ ಗ್ರಾಂ, ಎಂದರೆ ಲೀಟರಿಗೆ ೦.೭೫ ಗ್ರಾಂ ಆಗುತ್ತದೆ. ದ್ರಾವಣವು ಒಂದೇ ಆದರೂ ಬೇರಿನ ಬಳಿಯ ಔಷಧವು ನಾಲ್ಕು ಪಟ್ಟು. ನೆಲದ ಪಾತಿಯ ಕೈಯಳತೆಯನ್ನೇ ತಟ್ಟೆಗೂ ಅನ್ವಯಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ವೇದ್ಯವಾಗುವುದು.

ಪುಡಿಯು ಪೂರ್ತಿ ಒಣಗಿದ್ದಾಗ ಔಷಧ ಹೊಯ್ಯುವುದು ಮತ್ತೊಂದು ಅಪಾಯ. ಒಣಗಿದ ಮಿಶ್ರಣವು ನೀರಿಗೆ ಬದಲಾಗಿ ಔಷಧದ ದ್ರಾವಣವನ್ನೇ ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಬಾಡಿದ ಬೇರೂ ಅದನ್ನೇ ಕುಡಿಯುತ್ತದೆ. ಬಿಸಿಲೇರಿ ನೀರು ಆವಿಯಾದಾಗ ಉಳಿದ ದ್ರಾವಣವು ಮತ್ತಷ್ಟು ಗಟ್ಟಿಯಾಗುತ್ತದೆ.

ಬೆಳವಣಿಗೆಯನ್ನು ಕುಗ್ಗಿಸುವ ಔಷಧಗಳು

ಪ್ರೊಪಿಕೊನಜೋಲ್ ಮೊದಲಾದ ಟ್ರಯಜೋಲ್ ವರ್ಗದ ಔಷಧಗಳು ಬೂಷ್ಟನ್ನು ಕೊಲ್ಲುವುದಲ್ಲದೆ, ಗಿಡದ ಕಾಂಡವನ್ನು ನೀಳಗೊಳಿಸುವ ಜಿಬರೆಲಿನ್ ಎಂಬ ಸ್ವಾಭಾವಿಕ ವಸ್ತುವಿನ ಉತ್ಪತ್ತಿಯನ್ನೂ ತಡೆಯಬಲ್ಲವು. ಇದೇ ವರ್ಗಕ್ಕೆ ಸೇರಿದ ಪ್ಯಾಕ್ಲೊಬ್ಯುಟ್ರಜೋಲ್ ಎಂಬುದನ್ನು ಗಿಡವನ್ನು ಗಿಡ್ಡವಾಗಿಸುವುದಕ್ಕೆಂದೇ ಮಾರುವರು. ಇಂತಹ ಔಷಧವು ಬೇರಿಗೆ ತಗಲಿದರೆ ಸಸಿಯು ಸಾಯದು. ಆದರೆ ಎಲೆ ಕಡುಹಸುರಾಗಿ ದಪ್ಪಗಾಗಿ, ಗಿಣ್ಣುಗಳು ಒತ್ತೊತ್ತಾಗಿ, ಬೆಳವಣಿಗೆ ನಿಂತುಬಿಡುತ್ತದೆ. ಬಿಗೋನಿಯಾ ಗಿಡಗಳಿಗೆ ಈ ವರ್ಗದ ಔಷಧಗಳು ವಿಶೇಷವಾಗಿ ಒಗ್ಗುವುದಿಲ್ಲ.

ಇಲ್ಲಿಯೂ ಮಿಶ್ರಣದ ಪ್ರಭಾವವು ಸ್ಪಷ್ಟವಾಗಿದೆ. ಪೈನ್ ಮರದ ತೊಗಟೆಯ ಚೂರು ಬೆರಸಿದ ಕುಂಡಗಳಲ್ಲಿ ಪ್ಯಾಕ್ಲೊಬ್ಯುಟ್ರಜೋಲಿನ ಶಕ್ತಿಯು ಕುಂದುವುದೆಂದು ಅಮೆರಿಕದ ಹೂಗಾರಿಕೆಯವರು ಕಂಡುಕೊಂಡಿದ್ದಾರೆ. ತೊಗಟೆಯಿಲ್ಲದ ಮಿಶ್ರಣಕ್ಕೆ ಅಲ್ಲಿ ಕಡಿಮೆ ಪ್ರಮಾಣವನ್ನೂ, ತೊಗಟೆಯುಳ್ಳದ್ದಕ್ಕೆ ಹೆಚ್ಚಿನ ಪ್ರಮಾಣವನ್ನೂ ಬಳಸುವರು. ಚೆನ್ನಾಗಿ ಕಳಿತ ತೊಗಟೆಯ ಗೊಬ್ಬರವು ಪಿಥಿಯಂ ಮುಂತಾದ ಬೂಷ್ಟುಗಳನ್ನು ತಾನಾಗಿಯೇ ಅಡಗಿಸುವುದೆಂಬುದನ್ನು ಒಹಾಯೋ ರಾಜ್ಯದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಒಳ್ಳೆಯ ಮಿಶ್ರಣವಿದ್ದಲ್ಲಿ ಔಷಧದ ಅಗತ್ಯವೇ ತಗ್ಗುವುದೆಂಬುದು ಇದರ ತಾತ್ಪರ್ಯ.

ರೋಗವೋ ಔಷಧದ ಹಾನಿಯೋ

ಇವೆರಡನ್ನೂ ಗುರುತಿಸುವ ವಿವೇಕವು ಅತ್ಯಗತ್ಯ. ಏತಕ್ಕೆಂದರೆ ಔಷಧದ ಹಾನಿಯನ್ನು ರೋಗವೆಂದು ಬಗೆದು ಪುನಃ ಔಷಧ ಹೊಯ್ದರೆ ಉಳಿದ ಸಸಿಗಳೂ ನಾಶವಾಗುತ್ತವೆ. ರೋಗವು ಅಲ್ಲೊಂದು ಇಲ್ಲೊಂದು ಕಡೆ ತಲೆದೋರಿ, ವರ್ತುಲವಾಗಿ ದಿನದಿನಕ್ಕೆ ಹಬ್ಬುತ್ತದೆ. ಕಾಂಡದ ಬುಡ ಕೊಳೆಯುತ್ತದೆ. ಔಷಧದ ಹಾನಿಯು ಔಷಧ ಬಿದ್ದ ಕಡೆಯೆಲ್ಲ ಹೆಚ್ಚು ಕಡಿಮೆ ಒಂದೇ ಸಮನಾಗಿ, ಒಂದೇ ವೇಳೆಯಲ್ಲಿ ಕಾಣಿಸುತ್ತದೆ. ಬುಡವು ಗಟ್ಟಿಯಾಗಿದ್ದು ಎಲೆಯಂಚು ಒಣಗಿರುತ್ತದೆ, ಅಥವಾ ಎಳೆಯ ಎಲೆ ಹಳದಿಯಾಗಿರುತ್ತದೆ, ಬೇರಿನ ತುದಿ ಮೊಂಡಾಗಿರುತ್ತದೆ. ಔಷಧ ಬೀಳದ ಮೂಲೆಯ ಸಸಿಗಳು ಹಸನಾಗಿದ್ದರೆ ಸಂದೇಹವೇ ಉಳಿಯದು.

ಗ್ರಾಮದ ಮುಖ್ಯಸ್ಥರ ಬಳಿಗೆ ಸಸಿ ಮಾರಿದವನೂ ಕೊಂಡವನೂ ತಕರಾರು ತರುವುದು ಈಗ ಅಪರೂಪವಲ್ಲ. ಕೊಂಡವನು ಸಸಿಯೇ ರೋಗಿಷ್ಠವಾಗಿತ್ತೆನ್ನುವನು. ಮಾರಿದವನು ಮನೆಗೆ ಒಯ್ದ ಮೇಲೆ ಹೊಯ್ದ ಔಷಧವೇ ಕೆಡಿಸಿತೆನ್ನುವನು. ಇಂತಹ ಸಂದರ್ಭದಲ್ಲಿ ಮಾತಿನ ಜೋರನ್ನು ನೋಡದೆ, ಉಳಿದ ಸಸಿಗಳಲ್ಲಿ ಕೆಲವನ್ನು ಮಿಶ್ರಣಸಹಿತ ತರಿಸಿ ಬೇರನ್ನು ತೊಳೆದು ನೋಡಬೇಕು. ಯಾವ ಔಷಧ, ಎಷ್ಟು ಗ್ರಾಂ, ಎಷ್ಟು ನೀರು, ಯಾವ ದಿನ ಎಂಬುದನ್ನು ಇಬ್ಬರಿಂದಲೂ ಕೇಳಿ ಬರೆದುಕೊಳ್ಳಬೇಕು. ಡಬ್ಬಿಯ ಚೀಟಿಯನ್ನು ಓದಬೇಕು. ಅಷ್ಟರಿಂದಲೂ ತಿಳಿಯದಿದ್ದರೆ ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸತಕ್ಕದ್ದು. ಬಡ ಒಕ್ಕಲಿನ ಒಂದು ವರ್ಷದ ಸಾಲವು ಇಂತಹ ತೀರ್ಮಾನದ ಮೇಲೆ ನಿಂತಿರುವುದರಿಂದ ಆತುರದ ಮಾತು ಸಲ್ಲದು.

ಅನುಸರಿಸತಕ್ಕ ಕ್ರಮಗಳು

೧. ಒಟ್ಲು ಪಾತಿಯನ್ನು ನೆಲಮಟ್ಟದಿಂದ ೧೦ ರಿಂದ ೧೫ ಸೆಂಟಿಮೀಟರು ಎತ್ತರಿಸಿ, ನೀರು ನಿಲ್ಲದಂತೆ ಮಾಡಬೇಕು. ಬೀಜವನ್ನು ತೆಳುವಾಗಿ ಸಾಲಿನಲ್ಲಿ ಬಿತ್ತಿ, ಬೆಳಗಿನ ಹೊತ್ತು ಹಿತಮಿತವಾಗಿ ನೀರು ಕೊಡಬೇಕು.

೨. ಬೇಸಗೆಯಲ್ಲಿ ಪಾತಿಯನ್ನು ನೆನೆಯಿಸಿ, ಪಾರದರ್ಶಕವಾದ ತೆಳು ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ೪ ರಿಂದ ೬ ವಾರ ಬಿಸಿಲಿಗೆ ಬಿಡಬೇಕು. ಇಸ್ರೇಲ್ ದೇಶದಲ್ಲಿ ೧೯೭೬ರಲ್ಲಿ ಪ್ರಕಟವಾದ ಈ ಕ್ರಮದಿಂದ ಮಣ್ಣಿನ ಬೂಷ್ಟುಗಳು ಬಹುಮಟ್ಟಿಗೆ ಸಾಯುತ್ತವೆ. ಔಷಧದ ಶೇಷವು ಉಳಿಯುವ ಮಾತೇ ಇಲ್ಲ.

೩. ಮಿಶ್ರಣದಲ್ಲಿ ಚೆನ್ನಾಗಿ ಕಳಿತ ಗೊಬ್ಬರವಿರಲಿ. ಹಸಿ ಸಗಣಿಯೂ ಅರೆಕಳಿತ ಗೊಬ್ಬರವೂ ಸಲ್ಲವು. ಟ್ರೈಕೋಡರ್ಮಾ ಎಂಬ ಹಿತಕರ ಬೂಷ್ಟನ್ನು ಗೊಬ್ಬರದಲ್ಲಿ ಬೆರಸಿ ಬಳಸಬಹುದು. ಆದರೆ ಅದನ್ನು ಬೂಷ್ಟುನಾಶಕ ಔಷಧದೊಡನೆ ಕೂಡಿಸಿದರೆ ಅದೂ ಸತ್ತುಹೋಗಬಹುದು.

೪. ಒಟ್ಲು ಜಾಗದ ಮಣ್ಣನ್ನು ಪರೀಕ್ಷೆ ಮಾಡಿಸಿ ಪಿ. ಎಚ್. ಅಂಕವನ್ನು ತಿಳಿದಿರಬೇಕು. ಅದು ೫.೫ಕ್ಕಿಂತ ಕಡಿಮೆಯಿದ್ದರೆ ಮೊದಲು ಸುಣ್ಣದಿಂದ ಸರಿಪಡಿಸದೆ ತಾಮ್ರದ ಔಷಧವನ್ನು ಪಾತಿಗೆ ಹೊಯ್ಯಬಾರದು.

೫. ಔಷಧವನ್ನು ಕಣ್ಣಳತೆಯಿಂದ ಹಾಕದೆ ತೂಗಿ ಹಾಕಬೇಕು. ಚೀಟಿಯಲ್ಲಿ ಹೇಳಿದ ಪ್ರಮಾಣವನ್ನು ಎಂದಿಗೂ ಮೀರಬಾರದು. ಚೀಟಿಯಲ್ಲಿ ಹೇಳದಿದ್ದರೆ ಎರಡು ಔಷಧಗಳನ್ನು ಒಟ್ಟಿಗೆ ಕಲಸಬಾರದು.

೬. ಔಷಧ ಹೊಯ್ಯುವ ಮೊದಲು ಮಿಶ್ರಣವು ಹದವಾಗಿ ತೇವವಾಗಿರಬೇಕು. ಬಿಸಿಲೇರುವ ಮೊದಲು ಅಥವಾ ಬಿಸಿಲು ಇಳಿದ ಮೇಲೆ ಈ ಕೆಲಸ ಮಾಡಬೇಕು.

೭. ಹೊಸ ಮಿಶ್ರಣ, ಹೊಸ ಔಷಧ, ಹೊಸ ಜಾತಿಯ ಹೂ, ಇವುಗಳಲ್ಲಿ ಯಾವುದೊಂದು ಬದಲಾದರೂ ಮೊದಲು ಇಪ್ಪತ್ತು ಸಸಿಗಳ ಮೇಲೆ ಪ್ರಯೋಗಿಸಿ ಒಂದು ವಾರ ಹತ್ತು ದಿನ ಕಾದು ನೋಡಬೇಕು. ಪ್ರತಿ ಒಟ್ಲಿನಲ್ಲಿಯೂ ಔಷಧ ಹೊಯ್ಯದ ಒಂದು ಸಾಲನ್ನು ಗುರುತಿಗಾಗಿ ಬಿಡಬೇಕು.

೮. ಹಾನಿಯು ಕಂಡುಬಂದರೆ ಔಷಧವನ್ನು ನಿಲ್ಲಿಸಿ, ನೀರು ಬಸಿದುಹೋಗುವ ಪಾತಿ ಅಥವಾ ತಟ್ಟೆಯಾದರೆ ಶುದ್ಧ ನೀರಿನಿಂದ ಒಂದೆರಡು ಬಾರಿ ತೊಳೆಯಬೇಕು. ಮೆಟಲಾಕ್ಸಿಲ್‌ನಂತೆ ನೀರಿನಲ್ಲಿ ಕರಗುವ ಔಷಧಗಳು ಇದರಿಂದ ಕೆಳಗಿಳಿದು ಹೋಗುತ್ತವೆ. ತಾಮ್ರವು ಹೀಗೆ ಹೋಗದು. ಹುಳಿಮಣ್ಣಾದರೆ ಸುಣ್ಣವನ್ನೂ ಕಳಿತ ಗೊಬ್ಬರವನ್ನೂ ಸೇರಿಸಿ ಅದನ್ನು ತಣಿಸಬೇಕಾಗುವುದು. ಕೆಟ್ಟ ತಟ್ಟೆಯ ಪುಡಿಯನ್ನು ಮರಳಿ ಬಿತ್ತನೆಗೆ ಬಳಸಬಾರದು.

ದೊಡ್ಡ ಹಿಡುವಳಿದಾರರು ಇದನ್ನು ತಮ್ಮ ತೋಟದಲ್ಲಿಯೇ ಪರೀಕ್ಷಿಸಿ ಗ್ರಾಮಸ್ಥರಿಗೆ ತೋರಿಸಬಹುದು. ಮರಳು, ಊರಿನ ಮಣ್ಣು, ತೊಳೆದ ನಾರಿನ ಪುಡಿ, ಗೊಬ್ಬರ ಬೆರಸಿದ ಮಣ್ಣು, ಹೀಗೆ ನಾಲ್ಕು ಬಗೆಯವನ್ನು ಎರಡೆರಡು ಕುಂಡಗಳಲ್ಲಿ ತುಂಬಿ ಚೆಂಡುಹೂವಿನ ಬೀಜವನ್ನು ಬಿತ್ತಿ, ಪ್ರತಿಯೊಂದು ಬಗೆಯಲ್ಲಿ ಒಂದು ಕುಂಡಕ್ಕೆ ಔಷಧದ ದ್ರಾವಣವನ್ನೂ ಮತ್ತೊಂದಕ್ಕೆ ಬರಿಯ ನೀರನ್ನೂ ಸಮನಾಗಿ ಹೊಯ್ದು ಮೂರು ವಾರ ಬೆಳೆಯಿಸಿದರೆ ಸಾಕು. ಎಂಟು ಕುಂಡಗಳಿಗೆ ತಗಲುವ ವೆಚ್ಚವು ಅತ್ಯಲ್ಪ. ಔಷಧ ಕೊಳ್ಳುವ ಮೊದಲು ತನ್ನ ಪಾತಿಯ ಮಣ್ಣನ್ನು ಅರಿತ ರೈತನಿಗೆ ಔಷಧವು ಕಡಿಮೆ ಸಾಕಾಗುವುದು, ಸಸಿಯು ಹೆಚ್ಚು ಉಳಿಯುವುದು, ಹಬ್ಬದ ಹೊತ್ತಿಗೆ ಹೂವೂ ಕೈಸೇರುವುದು.